ಹಳೆಯ ಕಾರಿನ ಸೆಲ್ಫ್ ಸ್ವಿಚ್‌ಗೆ ಸೊಲೆನಾಯ್ಡ್ ಜೋಡಿಸುವ ಕ್ರಮ: ಒಂದೂ ಹೊಸ ತೂತು ಕೊರೆಯದೆ

ಎಳೆಯುವ ಗುಂಡಿಯಿಂದಲೋ ಕಾಲಿನಿಂದ ಒತ್ತುವ ಸ್ವಿಚ್‌ನಿಂದಲೋ ಸ್ಟಾರ್ಟ್ ಆಗುವ ಹಳೆಯ ಕಾರಿಗೆ ಸೊಲೆನಾಯ್ಡ್ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸುವ ಸ್ವಿಚ್) ಹಾಕಿಸಬಹುದೇ, ಹಾಕಿಸಿದರೆ ಅದರ ಮೂಲರೂಪ ಕೆಡುತ್ತದೆಯೇ ಎಂಬ ಪ್ರಶ್ನೆಯನ್ನು ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹಾಕಿಸಬಹುದು, ಮೂಲರೂಪವನ್ನೂ ಉಳಿಸಿಕೊಳ್ಳಬಹುದು. ಆದರೆ ಸಾಮಾನ್ಯವಾಗಿ ನಡೆಯುವ ಕೆಲಸ ಬೇರೆಯೇ ಆಗಿದೆ. ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಹೊಸ ಪುಶ್ ಬಟನ್ ಕೂರಿಸಿ, ಹಳೆಯ ಗುಂಡಿಯನ್ನೂ ಕೇಬಲನ್ನೂ ಗುಜರಿಗೆ ಹಾಕಿ, ಬ್ಯಾಟರಿಯಿಂದ ಬಟನ್‌ಗೆ ನೇರವಾಗಿ ಒಂದು ವೈರ್ ಎಳೆದುಬಿಡುತ್ತಾರೆ. ಇದರಿಂದ ಕಾರು ಸ್ಟಾರ್ಟ್ ಆಗುತ್ತದೆ ಎಂಬುದು ನಿಜ, ಆದರೆ ಕಾರಿನ ಚೆಲುವು ಕೆಡುತ್ತದೆ ಮತ್ತು ಮನೆಯ ಮಕ್ಕಳಿಗೆ ಅಪಾಯವೂ ಉಳಿಯುತ್ತದೆ.

ಈ ಲೇಖನದಲ್ಲಿ ವಿವರಿಸುವ ಕ್ರಮದಲ್ಲಿ ಹಳೆಯ ಸ್ವಿಚ್ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ನೀವು ಅದೇ ಗುಂಡಿಯನ್ನು ಎಳೆಯುತ್ತೀರಿ, ಅದೇ ಪೆಡಲನ್ನು ಒತ್ತುತ್ತೀರಿ. ಆದರೆ ಅದರೊಳಗೆ ಹರಿಯುವ ವಿದ್ಯುತ್ತು ಇನ್ನೂರು ಆಂಪಿಯರ್‌ನ ಸುತ್ತಮುತ್ತಲಿಂದ ನಾಲ್ಕು ಆಂಪಿಯರ್‌ನಷ್ಟಕ್ಕೆ ಇಳಿದಿರುತ್ತದೆ.

ಮೊದಲು ಕೆಲವು ಪದಗಳು

ನಮ್ಮ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದು ಕರೆಯುವುದು ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರನ್ನು. ಅದರ ತುದಿಯ ಚಿಕ್ಕ ಹಲ್ಲುಚಕ್ರ ಪಿನಿಯನ್, ಅದು ಕಚ್ಚಿಕೊಳ್ಳುವ ಫ್ಲೈವೀಲ್ ಸುತ್ತಲಿನ ದೊಡ್ಡ ಹಲ್ಲುಚಕ್ರ ರಿಂಗ್ ಗೇರ್. ಹಳೆಯ ಬ್ರಿಟಿಷ್ ಮೂಲದ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಬೆಂಡಿಕ್ಸ್ ಮಾದರಿಯ ಸೆಲ್ಫ್. ಮೋಟಾರು ತಟ್ಟನೆ ತಿರುಗಿದ ರಭಸಕ್ಕೆ ಪಿನಿಯನ್ ತಿರುಪಿನ ಮೇಲೆ ಜಾರಿಹೋಗಿ ರಿಂಗ್ ಗೇರನ್ನು ಕಚ್ಚುತ್ತದೆ. ಈಚಿನ ಸೆಲ್ಫ್‌ಗಳಲ್ಲಿ ಮೋಟಾರಿನ ಬೆನ್ನ ಮೇಲೆಯೇ ಕೂತ ಸೊಲೆನಾಯ್ಡ್ ಪಿನಿಯನ್ನನ್ನು ಮುಂದೆ ತಳ್ಳಿ, ಆಮೇಲೆ ಮೋಟಾರಿಗೆ ವಿದ್ಯುತ್ತು ಕೊಡುತ್ತದೆ.

ಸೊಲೆನಾಯ್ಡ್ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತಿನ ದಾರಿಯನ್ನು ತೆರೆಯುವ ಸ್ವಿಚ್. ಒಳಗಿನ ತಂತಿಸುರುಳಿಗೆ ವಿದ್ಯುತ್ತು ಬಂದಾಗ ಅದು ಕಬ್ಬಿಣದ ತುಂಡೊಂದನ್ನು ಸೆಳೆದು, ಎರಡು ದಪ್ಪ ತಾಮ್ರದ ಮೊಳೆಗಳನ್ನು (ಟರ್ಮಿನಲ್‌ಗಳನ್ನು) ಒಂದಕ್ಕೊಂದು ಸೇರಿಸುತ್ತದೆ. ‘ಟಕ್’ ಎಂಬ ಸದ್ದು ಅದರದೇ.

ವಿಲ್ಲಿಸ್ ಜೀಪಿನಲ್ಲಿ ನೆಲದ ಮೇಲಿನ ಸ್ವಿಚ್ಚನ್ನು ಕಾಲಿನಿಂದ ಒತ್ತಬೇಕು. ಮಾರಿಸ್ ಮೈನರ್‌ನ ಬಹುಪಾಲು ಹಳೆಯ ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ಗುಂಡಿಯನ್ನು ಎಳೆಯಬೇಕು. ಎರಡರಲ್ಲಿಯೂ ಸೆಲ್ಫ್‌ಗೆ ಹೋಗುವ ಪೂರ್ತಿ ವಿದ್ಯುತ್ತು ಆ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ, ತೊಂದರೆಯ ಮೂಲವೂ ಅದೇ. ಸೆಲ್ಫ್ 200 ಆಂಪಿಯರ್ ಎಳೆಯುವಾಗ ಸ್ವಿಚ್ಚಿನ ಸುಟ್ಟ ಮೊಳೆಗಳಲ್ಲಿ 0.005 ಓಮ್‌ನಷ್ಟು ತಡೆ ಇದ್ದರೂ ಸಾಕು, ಅಲ್ಲಿಯೇ 1 ವೋಲ್ಟ್ ನಷ್ಟವಾಗುತ್ತದೆ ಮತ್ತು 200 ವ್ಯಾಟ್ ಶಾಖವಾಗಿ ಹೊರಬರುತ್ತದೆ. 12 ವೋಲ್ಟಿನ ಕಾರಿನಲ್ಲಿ ಇದು ಹನ್ನೆರಡರಲ್ಲೊಂದು ಪಾಲು. 6 ವೋಲ್ಟಿನ ಜೀಪಿನಲ್ಲಿ ಆರರಲ್ಲೊಂದು ಪಾಲು. ಪ್ರತಿ ಬಾರಿ ಸ್ಟಾರ್ಟ್ ಮಾಡುವಾಗಲೂ ಆ ಶಾಖ ಮೊಳೆಗಳನ್ನು ಇನ್ನಷ್ಟು ಸುಡುತ್ತದೆ, ಸುಟ್ಟಷ್ಟೂ ತಡೆ ಹೆಚ್ಚುತ್ತದೆ.

ಹಂತ 1: ತೊಂದರೆ ನಿಜವಾಗಿ ಸ್ವಿಚ್ಚಿನಲ್ಲಿದೆಯೇ ಎಂದು ಅಳೆಯಿರಿ

ದಯವಿಟ್ಟು ಈ ಹಂತವನ್ನು ಬಿಡಬೇಡಿ. ಸೊಲೆನಾಯ್ಡ್ ಬೇಕೆಂದು ಕೇಳುವವರಲ್ಲಿ ಅನೇಕರ ಕಾರಿಗೆ ಬೇಕಾಗಿರುವುದು ಒಂದು ಒಳ್ಳೆಯ ಅರ್ಥ್ ಪಟ್ಟಿ (ಎಂಜಿನ್ನನ್ನು ಕಾರಿನ ಮೈಗೆ ಸೇರಿಸುವ ತಾಮ್ರದ ಪಟ್ಟಿ) ಮಾತ್ರ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ವೈರನ್ನು ಬಿಚ್ಚಿ, ಅದರ ತುದಿಗೆ ಟೇಪ್ ಸುತ್ತಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಅಳೆಯಬೇಕು. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ ಮತ್ತು ನಡುವೆ ಒಂದು ನಿಮಿಷ ಬಿಡುವು ಕೊಡಿ.

ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿಯನ್ನು ಪರೀಕ್ಷಿಸಿ. ಬ್ಯಾಟರಿ ಚೆನ್ನಾಗಿದ್ದೂ ಹಾಗಾಗುತ್ತಿದ್ದರೆ, ಸೆಲ್ಫ್ ಮೋಟಾರಿನ ಕಂಚಿನ ಬುಷ್ ಸವೆದು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಒಳಗೋಡೆಗೆ ಉಜ್ಜುತ್ತಿರಬಹುದು. ಅಂಥ ಮೋಟಾರು ಅತಿಯಾಗಿ ವಿದ್ಯುತ್ತು ಎಳೆಯುತ್ತದೆ, ಯಾವ ಸ್ವಿಚ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಮುಂದೆ, ಸೆಲ್ಫ್ ಹೊಡೆಯುತ್ತಿರುವಾಗಲೇ ಮೂರು ಕಡೆ ಅಳೆಯಿರಿ. ಸ್ವಿಚ್ಚಿನ ಎರಡು ದಪ್ಪ ಮೊಳೆಗಳ ನಡುವೆ 0.2 ವೋಲ್ಟ್ ದಾಟಬಾರದು. ಬ್ಯಾಟರಿಯ ಅರ್ಥ್ ಮೊಳೆಗೂ (ಕಾರಿನ ಮೈಗೆ ಸೇರಿದ ಮೊಳೆ) ಸೆಲ್ಫ್ ಮೋಟಾರಿನ ಮೈಗೂ ನಡುವೆ 0.2 ದಾಟಬಾರದು. ಬ್ಯಾಟರಿಯ ಇನ್ನೊಂದು ಮೊಳೆಯಿಂದ ಸೆಲ್ಫ್ ಮೋಟಾರಿನ ಮೊಳೆಯವರೆಗೆ ಒಟ್ಟು 0.5 ದಾಟಬಾರದು. 6 ವೋಲ್ಟಿನ ಗಾಡಿಗೆ ಇವುಗಳ ಅರ್ಧವೇ ಮಿತಿ. ಮೀಟರಿನ ಕಡ್ಡಿಯನ್ನು ಬ್ಯಾಟರಿಯ ಸೀಸದ ಮೊಳೆಗೇ ತಾಗಿಸಬೇಕು, ಅದರ ಮೇಲಿನ ಕ್ಲಾಂಪಿಗೆ ತಾಗಿಸಿದರೆ ಮೊಳೆಗೂ ಕ್ಲಾಂಪಿಗೂ ನಡುವಿನ ನಷ್ಟ ಕಾಣಿಸುವುದಿಲ್ಲ.

ಎರಡನೆಯ ಅಳತೆ ಹೆಚ್ಚು ಬಂದರೆ ಬಾನೆಟ್ ಒಳಗೆ ಎಂಜಿನ್‌ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಹುಡುಕಿ. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ಈ ಪಟ್ಟಿಯೇ ಸಂಪರ್ಕ. ಎಂಜಿನ್ ಇಳಿಸಿ ಏರಿಸುವಾಗ ಅದನ್ನು ಮರಳಿ ಹಾಕಲು ಎಷ್ಟೋ ಮೆಕ್ಯಾನಿಕ್‌ಗಳು ಮರೆಯುತ್ತಾರೆ. ಪಟ್ಟಿ ಇಲ್ಲದಿದ್ದಾಗ ಸೆಲ್ಫ್‌ನ ವಿದ್ಯುತ್ತು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ದಾರಿ ಮಾಡಿಕೊಂಡು ಅವನ್ನು ಕಾಯಿಸುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಚೋಕ್ ಗುಂಡಿ ಬಿಸಿಯಾಗುವ ಕಾರಿಗೆ ಬೇಕಾಗಿರುವುದು ಈ ಪಟ್ಟಿ.

ಎರಡನೆಯದು ಸರಿಯಿದ್ದು ಮೊದಲನೆಯ ಅಳತೆ ಹೆಚ್ಚು ಬಂದಿದ್ದರೆ (ಆಗ ಅದನ್ನೊಳಗೊಂಡ ಮೂರನೆಯದೂ ಹೆಚ್ಚಬಹುದು), ಮುಂದಿನ ಹಂತಗಳು ನಿಮಗಾಗಿಯೇ ಇವೆ.

ಹಂತ 2: ಕಾರಿನ ವೋಲ್ಟೇಜ್, ಅರ್ಥ್ ಮತ್ತು ಸೆಲ್ಫ್‌ನ ಜಾತಿಯನ್ನು ಖಚಿತಪಡಿಸಿಕೊಳ್ಳಿ

12 ವೋಲ್ಟಿನ ಸೊಲೆನಾಯ್ಡನ್ನು 6 ವೋಲ್ಟ್ ಸರಿಯಾಗಿ ಸೆಳೆಯಲಾರದು. ಆದ್ದರಿಂದ ಬ್ಯಾಟರಿ ಎಷ್ಟು ವೋಲ್ಟಿನದು ಎಂಬುದನ್ನು ನೋಡಿಯೇ ಕೊಳ್ಳಿ.

ಬ್ಯಾಟರಿಯ ಯಾವ ತುದಿ ಕಾರಿನ ಮೈಗೆ ಸೇರಿದೆ ಎಂಬುದು ಎರಡನೆಯ ಪ್ರಶ್ನೆ. ಹಳೆಯ ಬ್ರಿಟಿಷ್ ಮೂಲದ ಅನೇಕ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಮೈಗೆ ಸೇರಿರುತ್ತದೆ, ಇದಕ್ಕೆ ಪಾಸಿಟಿವ್ ಅರ್ಥ್ ಎನ್ನುತ್ತಾರೆ. ಕೆಲವು ಕಾರುಗಳನ್ನು ಆಮೇಲೆ ಯಾರೋ ನೆಗೆಟಿವ್ ಅರ್ಥ್‌ಗೆ ಬದಲಾಯಿಸಿರುತ್ತಾರೆ. ಕೈಪಿಡಿಯನ್ನು ನಂಬದೆ ಕಣ್ಣಾರೆ ನೋಡಿ. ಸಾಮಾನ್ಯ ಸೊಲೆನಾಯ್ಡ್‌ಗೆ ಪಾಸಿಟಿವ್, ನೆಗೆಟಿವ್ ಎಂಬ ಭೇದವಿಲ್ಲ. ಒಳಗೆ ಡಯೋಡ್ (ಒಂದೇ ದಿಕ್ಕಿಗೆ ವಿದ್ಯುತ್ತು ಬಿಡುವ ಬಿಡಿಭಾಗ) ಇರುವ ರಿಲೇಗಳಿಗೆ, ಅಂದರೆ ಸೊಲೆನಾಯ್ಡ್‌ನಂತೆಯೇ ಕೆಲಸ ಮಾಡುವ ಚಿಕ್ಕ ಸ್ವಿಚ್‌ಗಳಿಗೆ ಮಾತ್ರ ಆ ಭೇದವುಂಟು, ತಿರುಗುಮುರುಗಾಗಿ ಜೋಡಿಸಿದರೆ ಡಯೋಡ್ ಸುಟ್ಟುಹೋಗುತ್ತದೆ.

ಮೂರನೆಯದಾಗಿ, ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಚಿಕ್ಕ ಡಬ್ಬಿಯಂಥ ಸೊಲೆನಾಯ್ಡ್ ಈಗಾಗಲೇ ಇದೆಯೇ ನೋಡಿ. ಇದ್ದರೆ ಯಾರೋ ಮೋಟಾರನ್ನೇ ಬದಲಾಯಿಸಿದ್ದಾರೆ. ಅಂಥ ಸೊಲೆನಾಯ್ಡ್ ಪಿನಿಯನ್ನನ್ನೂ ತಳ್ಳಬೇಕಾದ್ದರಿಂದ ಮೊದಲ ಕ್ಷಣದಲ್ಲಿ 30 ಆಂಪಿಯರ್‌ಗೂ ಹೆಚ್ಚು ಎಳೆಯಬಲ್ಲದು. ಹೀಗಾಗಿ ಇಗ್ನಿಷನ್ ಸ್ವಿಚ್ಚಿಗೂ ಅದಕ್ಕೂ ನಡುವೆ 40 ಆಂಪಿಯರ್‌ನ ರಿಲೇ ಬೇಕೇ ಬೇಕು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ, 87ರಿಂದ ಸೊಲೆನಾಯ್ಡ್‌ಗೆ, 85 ಮತ್ತು 86ರಲ್ಲಿ ಒಂದು ಅರ್ಥ್‌ಗೆ, ಇನ್ನೊಂದು ನಿಮ್ಮ ಗುಂಡಿಯ ಕಡೆಗೆ. ಮುಂದಿನ ವಿವರಣೆ ಬೆಂಡಿಕ್ಸ್ ಮಾದರಿಯ ಸೆಲ್ಫ್‌ಗೆ, ಪ್ರತ್ಯೇಕ ಸೊಲೆನಾಯ್ಡ್ ಜೋಡಿಸುವ ಬಗೆಗೆ.

ಹಂತ 3: ಸಾಮಗ್ರಿ

ಬೆಂಡಿಕ್ಸ್ ಸೆಲ್ಫ್‌ಗೆ ಹೊಂದುವ ಒಂದು ಸೊಲೆನಾಯ್ಡ್, 35 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್, ಅದಕ್ಕೆ ತಕ್ಕ ತವರ ಲೇಪಿತ ತಾಮ್ರದ ಲಗ್‌ಗಳು (ಕೇಬಲ್ಲಿನ ತುದಿಗೆ ಒತ್ತಿ ಕೂರಿಸುವ ಬಳೆಯಂಥ ತುಂಡುಗಳು), 2.5 ಚದರ ಮಿಲಿಮೀಟರ್‌ನ ಆಟೋ ವೈರ್, ಹೋಲ್ಡರ್ ಸಮೇತ 10 ಆಂಪಿಯರ್ ಫ್ಯೂಸ್, ಒಂದು ಬ್ಯಾಟರಿ ಕಟ್-ಆಫ್ ಸ್ವಿಚ್, ಒಂದು ಬ್ರೇಕ್ ಲೈಟ್ ಸ್ವಿಚ್, ಮೊಳೆಗಳನ್ನು ಮುಚ್ಚುವ ರಬ್ಬರ್ ಬೂಟುಗಳು, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಬೇಕು. 6 ವೋಲ್ಟಿನ ಗಾಡಿಗೆ ಕೇಬಲ್ 50 ಚದರ ಮಿಲಿಮೀಟರ್‌ಗಿಂತ ಕಡಿಮೆ ಬೇಡ.

ದಪ್ಪ ಕೇಬಲ್ ಎಂದು ವೆಲ್ಡಿಂಗ್ ಅಂಗಡಿಯಿಂದ ತರುವುದು ಒಳ್ಳೆಯ ಉಪಾಯವೇ. ಆದರೆ ಅಲ್ಯೂಮಿನಿಯಂ ಎಳೆಯ ವೆಲ್ಡಿಂಗ್ ಕೇಬಲ್ ಕೂಡ ಮಾರಾಟಕ್ಕಿದೆ. ತುದಿಯನ್ನು ಚಾಕುವಿನಿಂದ ಕೆರೆದು ಒಳಗೆ ಕೆಂಪು ತಾಮ್ರವೇ ಇದೆಯೆಂದು ನೋಡಿ ಕೊಳ್ಳಿ, ಎಣ್ಣೆ ಸೋರುವ ಕಡೆ ಅದರ ಮೇಲೆ ಕೊಳವೆ ಹಾಕಿ. ಮನೆಯ ವೈರಿಂಗ್‌ಗೆ ಬಳಸುವ ಗಡುಸು ವೈರ್ ಕಾರಿಗೆ ಬೇಡ, ಎಂಜಿನ್ನಿನ ನಡುಕಕ್ಕೆ ಅದರ ಎಳೆಗಳು ಲಗ್‌ನ ಕುತ್ತಿಗೆಯಲ್ಲಿ ಮುರಿಯುತ್ತವೆ. ಲಗ್‌ಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡುವುದೂ ಬೇಡ. ಮಂಡ್ಯ ಜಿಲ್ಲೆಯಲ್ಲಿ ಟ್ರ್ಯಾಕ್ಟರ್‌ಗಳ ವೈರಿಂಗ್ ಮಾಡುವ ಆಟೋ ಎಲೆಕ್ಟ್ರಿಷಿಯನ್‌ಗಳು ಇಂಥ ದಪ್ಪ ಕೇಬಲ್‌ಗಳನ್ನು ದಿನವೂ ಕೈಯಲ್ಲಿ ಹಿಡಿಯುವವರು. ಲಗ್ ಒತ್ತುವ ಸರಿಯಾದ ಉಪಕರಣ ಇರುವವರ ಬಳಿ ಕೇಬಲ್ಲಿನ ಅಳತೆ ಕೊಟ್ಟು, ತುದಿಗಳನ್ನು ಮಾಡಿಸಿಕೊಂಡು ಬರುವುದೇ ಮೇಲು.

ಹಂತ 4: ಬ್ಯಾಟರಿ ಬಿಚ್ಚುವುದು

ಕೈಯ ಉಂಗುರ, ಗಡಿಯಾರ ತೆಗೆದಿಡಿ. ಮೊದಲು ಬಿಚ್ಚಬೇಕಾದ್ದು ಅರ್ಥ್ ತುದಿಯನ್ನು. ‘ಮೊದಲು ನೆಗೆಟಿವ್’ ಎಂದು ಕಲಿತವರು ಪಾಸಿಟಿವ್ ಅರ್ಥ್ ಕಾರಿನಲ್ಲಿ ಎಡವುವುದು ಇಲ್ಲಿಯೇ. ಅಲ್ಲಿ ಮೊದಲು ಬಿಚ್ಚಬೇಕಾದ್ದು ಪಾಸಿಟಿವ್ ತುದಿ. ಮೈಗೆ ಸೇರದ ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾನೆಟ್ಟಿಗೋ ಮಡ್‌ಗಾರ್ಡಿಗೋ ತಾಗಿದರೆ ನೂರಾರು ಆಂಪಿಯರ್ ಆ ಸ್ಪ್ಯಾನರಿನಲ್ಲಿ ಹರಿಯುತ್ತದೆ. ಮರಳಿ ಹಾಕುವಾಗ ಅರ್ಥ್ ತುದಿ ಕೊನೆಗೆ.

ಹಂತ 5: ಸೊಲೆನಾಯ್ಡ್ ಕೂರಿಸುವುದು

ಬ್ಯಾಟರಿಯಿಂದ ಸೆಲ್ಫ್‌ಗೆ ಹೋಗುವ ದಾರಿಯಲ್ಲಿಯೇ, ಆದಷ್ಟು ಹತ್ತಿರದಲ್ಲಿ ಜಾಗ ಹುಡುಕಿ. ಸೈಲೆನ್ಸರ್ ಕೊಳವೆಯ ಶಾಖ ತಾಗಬಾರದು, ಬಾನೆಟ್ ಅಂಚಿನಿಂದ ಮಳೆನೀರು ತೊಟ್ಟಿಕ್ಕಬಾರದು. ಚಾಸಿಗೆ ತೂತು ಕೊರೆಯುವ ಬದಲು ಈಗಾಗಲೇ ಇರುವ ಬೋಲ್ಟ್ ಒಂದನ್ನು ಬಳಸಿ, ಬ್ಯಾಟರಿ ತಟ್ಟೆಯ ಬೋಲ್ಟ್ ಆಗಬಹುದು. ಅದಕ್ಕೆ ಸಿಕ್ಕಿಸಲು 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಲೇತ್ ಅಂಗಡಿಯಲ್ಲಿ ಬಾಗಿಸಿಕೊಂಡು ಬನ್ನಿ. ಮುಂದೊಂದು ದಿನ ಕಾರನ್ನು ಮೊದಲಿನಂತೆಯೇ ಮಾಡಬೇಕೆಂದರೆ ಪಟ್ಟಿ ಬಿಚ್ಚಿದರೆ ಸಾಕು.

ಮೂರು ಮೊಳೆಗಳ ಸೊಲೆನಾಯ್ಡ್‌ನಲ್ಲಿ ಸುರುಳಿಯ ಇನ್ನೊಂದು ತುದಿ ಅದರ ಹೊರಮೈಗೇ ಸೇರಿರುತ್ತದೆ. ಆದ್ದರಿಂದ ಪಟ್ಟಿ, ಬೋಲ್ಟ್, ಚಾಸಿ ಸೇರುವ ಕಡೆಗಳಲ್ಲಿ ಪೇಂಟ್ ಕೆರೆದು ಲೋಹ ಕಾಣುವಂತೆ ಮಾಡಬೇಕು. ಹೊಸದಾಗಿ ಪೇಂಟ್ ಮಾಡಿಸಿದ ಕಾರಿನಲ್ಲಿ ಸೊಲೆನಾಯ್ಡ್ ‘ಟಕ್’ ಎನ್ನದಿರಲು ಮೊದಲ ಕಾರಣ ಇದೇ. ನಾಲ್ಕು ಮೊಳೆಗಳಿದ್ದರೆ, ಸಣ್ಣ ಎರಡರಲ್ಲಿ ‘ಎಸ್’ ಗುರುತಿನದು ಗುಂಡಿಯಿಂದ ಬರುವ ವೈರಿಗೆ. ‘ಐ’ ಗುರುತಿನದು, ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಬ್ಯಾಲಸ್ಟ್ ಮಾದರಿಯ (ಓಡುವಾಗ ತಡೆಯೊಂದರ ಮೂಲಕ ಕಡಿಮೆ ವೋಲ್ಟೇಜಿನಲ್ಲಿ ನಡೆಯುವ) ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಕೊಡಲು ಇರುವಂಥದ್ದು. ನಿಮ್ಮ ಕಾಯಿಲ್ ಆ ಬಗೆಯದಲ್ಲದಿದ್ದರೆ ಅದನ್ನು ಖಾಲಿ ಬಿಟ್ಟು ಟೇಪ್ ಸುತ್ತಿ.

ಬ್ರಿಟಿಷ್ ಕಂಪನಿ ಲೂಕಾಸ್‌ನ ಮಾದರಿಯ ಕೆಲವು ಸೊಲೆನಾಯ್ಡ್‌ಗಳ ತಳದಲ್ಲಿ ರಬ್ಬರ್ ಮುಚ್ಚಿದ ಒಂದು ಗುಂಡಿ ಇರುತ್ತದೆ. ಬಾನೆಟ್ ತೆರೆದು ಅದನ್ನು ಬೆರಳಿನಿಂದ ಒತ್ತಿದರೂ ಎಂಜಿನ್ ತಿರುಗುತ್ತದೆ. ಟ್ಯಾಪೆಟ್ ಹೊಂದಿಸುವಾಗ ಇದು ಬಹಳ ಉಪಕಾರಿ, ಆದರೆ ಗಾಡಿ ಗೇರ್‌ನಲ್ಲಿದ್ದರೆ ಒತ್ತಿದವರ ಮೇಲೆಯೇ ನುಗ್ಗುತ್ತದೆ.

ಹಂತ 6: ದಪ್ಪ ಕೇಬಲ್‌ಗಳು

ಬ್ಯಾಟರಿಯ ಕೇಬಲನ್ನು ಹಳೆಯ ಸ್ವಿಚ್ಚಿನಿಂದ ಬಿಚ್ಚಿ ಸೊಲೆನಾಯ್ಡ್‌ನ ಒಂದು ದಪ್ಪ ಮೊಳೆಗೆ, ಸೆಲ್ಫ್‌ನ ಕೇಬಲನ್ನು ಇನ್ನೊಂದಕ್ಕೆ ಸೇರಿಸಿ. ಕೇಬಲ್ಲಿನ ಉದ್ದ ಸಾಲದಿದ್ದರೆ ಹೊಸ ಕೇಬಲ್ ಹಾಕಿ, ನಡುವೆ ಗಂಟು ಹಾಕಬೇಡಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಅನೇಕ ಕಾರುಗಳಲ್ಲಿ ಲೈಟು, ಹಾರ್ನ್, ಇಗ್ನಿಷನ್ ಎಲ್ಲಕ್ಕೂ ವಿದ್ಯುತ್ತು ಹೋಗುವ ಕಂದು ಬಣ್ಣದ ವೈರುಗಳು ಹಳೆಯ ಸೆಲ್ಫ್ ಸ್ವಿಚ್ಚಿನ ಬ್ಯಾಟರಿ ಬದಿಯ ಮೊಳೆಯಿಂದಲೇ ಹೊರಡುತ್ತವೆ. ಅವನ್ನು ಸೊಲೆನಾಯ್ಡ್‌ನ ಬ್ಯಾಟರಿ ಬದಿಯ ಮೊಳೆಗೇ ಸಾಗಿಸಬೇಕು. ಹಳೆಯ ಸ್ವಿಚ್ಚಿನಲ್ಲಿಯೇ ಬಿಟ್ಟರೆ ಇಡೀ ಕಾರು ಸತ್ತಂತಾಗುತ್ತದೆ. ತಪ್ಪಿ ಸೆಲ್ಫ್ ಬದಿಗೆ ಹಾಕಿದರೂ ಸೊಲೆನಾಯ್ಡ್ ಸೇರದ ಹೊರತು ಯಾವುದಕ್ಕೂ ವಿದ್ಯುತ್ತು ಹೋಗುವುದಿಲ್ಲ.

ಇನ್ನೊಂದು, ಸೆಲ್ಫ್ ಮೋಟಾರಿನ ಮೊಳೆಗೆ ನಟ್ ಬಿಗಿಯುವಾಗ ಒಳಗಿನ ನಟ್ಟನ್ನು ಒಂದು ಸ್ಪ್ಯಾನರಿನಿಂದ ಹಿಡಿದುಕೊಂಡೇ ಹೊರಗಿನದನ್ನು ತಿರುಗಿಸಿ. ಹಿಡಿಯದೆ ತಿರುಗಿಸಿದರೆ ಮೊಳೆಯೇ ತಿರುಗಿ, ಒಳಗಿನ ಫೀಲ್ಡ್ ವೈಂಡಿಂಗ್‌ನ (ಮೋಟಾರಿನ ಒಳಗೋಡೆಯ ತಂತಿಸುರುಳಿಯ) ಜೋಡಣೆ ಕಿತ್ತುಬರುತ್ತದೆ. ಅರ್ಧ ದಿನದಲ್ಲಿ ಮುಗಿಯಬೇಕಾದ ಕೆಲಸ ಸೆಲ್ಫ್ ಬಿಚ್ಚಿಸಿ ವೈಂಡಿಂಗ್ ಅಂಗಡಿಗೆ ಒಯ್ಯುವವರೆಗೆ ಹೋಗುವುದು ಇಂಥ ಕಡೆಯೇ.

ಕಟ್-ಆಫ್ ಸ್ವಿಚ್ಚನ್ನು ಬ್ಯಾಟರಿಯ ಅರ್ಥ್ ಕೇಬಲ್ಲಿನಲ್ಲಿ ಸೇರಿಸಿ. ಸೊಲೆನಾಯ್ಡ್‌ನ ಮೊಳೆಗಳು ಎಂದಾದರೂ ಒಂದಕ್ಕೊಂದು ಬೆಸೆದುಕೊಂಡರೆ ನೀವು ಗುಂಡಿ ಬಿಟ್ಟರೂ, ಕೀ ತೆಗೆದರೂ ಸೆಲ್ಫ್ ನಿಲ್ಲುವುದಿಲ್ಲ. ಆಗ ಅದನ್ನು ನಿಲ್ಲಿಸಲು ಕೈಗೆ ಸಿಗುವ ದಾರಿ ಈ ಸ್ವಿಚ್ಚೊಂದೇ. ಅಗ್ಗದ ಕಟ್-ಆಫ್‌ಗಳಲ್ಲಿ ಅವುಗಳದೇ ವೋಲ್ಟೇಜ್ ನಷ್ಟವಿರುತ್ತದೆ, ಆದ್ದರಿಂದ ಹಾಕಿದ ಮೇಲೆ ಅದರ ಎರಡು ಮೊಳೆಗಳ ನಡುವೆಯೂ ಅಳೆದು ನೋಡಿ.

ಹಂತ 7: ಹಳೆಯ ಸ್ವಿಚ್ಚಿಗೆ ಹೊಸ ಕೆಲಸ

ಈಗ ಹಳೆಯ ಸ್ವಿಚ್ಚಿನ ಎರಡು ದಪ್ಪ ಮೊಳೆಗಳೂ ಖಾಲಿ. ಅವಕ್ಕೆ ಸಣ್ಣ ವೈರುಗಳನ್ನು ಸೇರಿಸಿದರೆ ಅದೇ ನಿಮ್ಮ ಹೊಸ ಸ್ಟಾರ್ಟ್ ಬಟನ್. ನೂರಾರು ಆಂಪಿಯರ್ ಹೊರಲಾರದೆ ಸೋತ ಸ್ವಿಚ್ ಮೂರು ನಾಲ್ಕು ಆಂಪಿಯರನ್ನು ಸಲೀಸಾಗಿ ಹೊರುತ್ತದೆ. ಬಿಚ್ಚಲು ಬರುವಂತಿದ್ದರೆ ಒಳಗಿನ ಮೊಳೆಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಕಪ್ಪು ತೆಗೆಯಿರಿ, ಏಕೆಂದರೆ ಸಣ್ಣ ವಿದ್ಯುತ್ತಿಗೆ ಕಿಲುಬಿನ ಪದರವನ್ನು ಸುಟ್ಟು ದಾಟುವ ಶಕ್ತಿಯಿಲ್ಲ. ಎಳೆಗುಂಡಿಯ ಕೇಬಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಬಿಟ್ಟ ಕೂಡಲೇ ಗುಂಡಿ ತಾನಾಗಿ ಹಿಂದಕ್ಕೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಸ್ಪ್ರಿಂಗ್ ಬದಲಾಯಿಸದೆ ಮುಂದುವರಿಯಬೇಡಿ. ಸ್ವಿಚ್ ಸೆಲ್ಫ್ ಮೋಟಾರಿನ ಮೈಗೇ ಅಂಟಿಕೊಂಡಿದ್ದು ಅದರ ಒಂದು ಮೊಳೆ ನೇರವಾಗಿ ಮೋಟಾರಿನೊಳಗೆ ಹೋಗಿದ್ದರೆ ಮಾತ್ರ ಈ ಉಪಾಯ ನಡೆಯದು. ಆಗ ಎಳೆಗುಂಡಿಯ ಕೇಬಲ್ಲಿನ ತುದಿಗೆ ಸಣ್ಣ ಪ್ಲಂಜರ್ ಸ್ವಿಚ್ (ಕಡ್ಡಿಯ ಚಲನೆಯಿಂದ ಕೆಲಸ ಮಾಡುವಂಥದ್ದು) ಜೋಡಿಸಬೇಕಾಗುತ್ತದೆ.

ಹಳೆಯ ಸ್ವಿಚ್ ಕೀ ಇಲ್ಲದೆಯೂ ಸೆಲ್ಫ್ ಹೊಡೆಯುತ್ತಿತ್ತು. ಗೇರಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಆಡುತ್ತಿರುವ ಮಗು ಗುಂಡಿ ಎಳೆದರೆ ಕಾರು ಮುಂದಕ್ಕೆ ಜಿಗಿಯುತ್ತಿತ್ತು. ಈ ಅಪಾಯವನ್ನು ಕೊನೆಗಾಣಿಸುವ ಅವಕಾಶ ಈಗ ನಿಮ್ಮ ಕೈಯಲ್ಲಿದೆ. ವೈರಿನ ದಾರಿ ಹೀಗಿರಲಿ: ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ವೈರಿನಿಂದ (ಲೂಕಾಸ್ ವೈರಿಂಗ್‌ನಲ್ಲಿ ಅದು ಬಿಳಿ ಬಣ್ಣದ್ದು) 10 ಆಂಪಿಯರ್ ಫ್ಯೂಸ್‌ಗೆ, ಅಲ್ಲಿಂದ ಕ್ಲಚ್ ಸ್ವಿಚ್ಚಿಗೆ, ಅಲ್ಲಿಂದ ಹಳೆಯ ಸೆಲ್ಫ್ ಸ್ವಿಚ್ಚಿಗೆ, ಅಲ್ಲಿಂದ ಸೊಲೆನಾಯ್ಡ್‌ನ ಸಣ್ಣ ಮೊಳೆಗೆ. ಈ ಕೊನೆಯ ತುಂಡಿಗೆ ಬಿಳಿ-ಕೆಂಪು ಪಟ್ಟೆಯ ವೈರ್ ಬಳಸಿದರೆ ಮುಂದೆ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ಕ್ಲಚ್ ಸ್ವಿಚ್ಚಿಗೆ ಬೇರೇನೂ ಹುಡುಕಬೇಕಾಗಿಲ್ಲ. ಪೆಡಲ್ ತಾಗಿ ಕೆಲಸ ಮಾಡುವ ಸಾಮಾನ್ಯ ಬ್ರೇಕ್ ಲೈಟ್ ಸ್ವಿಚ್ ಸಾಕು. ಪೆಡಲ್ ಮೇಲಿದ್ದಾಗ ಅದರ ಕಡ್ಡಿ ಒತ್ತಿ ಹಿಡಿದಿರುವುದರಿಂದ ವಿದ್ಯುತ್ತಿನ ದಾರಿ ಕಡಿದಿರುತ್ತದೆ, ಕ್ಲಚ್ ತುಳಿದಾಗ ಕಡ್ಡಿ ಹೊರಬಂದು ದಾರಿ ಸೇರುತ್ತದೆ. ಎರಡು ಬ್ರೇಕ್ ಬಲ್ಬುಗಳ ಮೂರೂವರೆ ಆಂಪಿಯರ್ ಹೊರುವ ಸ್ವಿಚ್ ಸೊಲೆನಾಯ್ಡ್‌ನ ಸುರುಳಿಯನ್ನೂ ಹೊರುತ್ತದೆ. ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹಳೆಯ ಬಗೆಯದು ಇದಕ್ಕೆ ಬರುವುದಿಲ್ಲ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಎಂಜಿನ್ ನಿಂತು, ಗಾಬರಿಯಲ್ಲಿ ಗೇರ್ ತೆಗೆಯದೆ ಗುಂಡಿ ಎಳೆದಾಗ ಈ ಸಣ್ಣ ಸ್ವಿಚ್ಚಿನ ಬೆಲೆ ತಿಳಿಯುತ್ತದೆ.

ಹಂತ 8: ಮೋಟಾರ್ ಸೇರಿಸುವ ಮೊದಲು ಪರೀಕ್ಷೆ

ಸೆಲ್ಫ್ ಕಡೆಯ ದಪ್ಪ ಕೇಬಲನ್ನು ಸೊಲೆನಾಯ್ಡ್‌ನಿಂದ ತಾತ್ಕಾಲಿಕವಾಗಿ ಬಿಚ್ಚಿ, ಟೇಪ್ ಸುತ್ತಿ ಪಕ್ಕಕ್ಕಿಟ್ಟು, ಬ್ಯಾಟರಿ ಸೇರಿಸಿ. ಕೀ ಇಲ್ಲದೆ ಗುಂಡಿ ಎಳೆಯಿರಿ, ಸದ್ದು ಬರಬಾರದು. ಕೀ ತಿರುಗಿಸಿ, ಕ್ಲಚ್ ತುಳಿಯದೆ ಎಳೆಯಿರಿ, ಆಗಲೂ ಬರಬಾರದು. ಎರಡೂ ಇದ್ದಾಗ ಮಾತ್ರ ‘ಟಕ್’ ಎನ್ನಬೇಕು, ಗುಂಡಿ ಬಿಟ್ಟ ಕೂಡಲೇ ಮೊಳೆಗಳು ಬೇರ್ಪಟ್ಟ ಇನ್ನೊಂದು ಸಣ್ಣ ಸದ್ದು ಕೇಳಬೇಕು. ಇಷ್ಟಾದ ಮೇಲೆ ಬ್ಯಾಟರಿ ಬಿಚ್ಚಿ ಸೆಲ್ಫ್‌ನ ಕೇಬಲ್ ಸೇರಿಸಿ, ರಬ್ಬರ್ ಬೂಟುಗಳನ್ನು ತೊಡಿಸಿ, ಹಂತ 1ರ ಅಳತೆಗಳನ್ನೆಲ್ಲ ಮತ್ತೊಮ್ಮೆ ಮಾಡಿ. ಸೊಲೆನಾಯ್ಡ್‌ನ ಮೊಳೆಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅದನ್ನು ಅಂಗಡಿಗೆ ಹಿಂದಿರುಗಿಸಿ. ಕಾಯಿಲ್‌ನ ವೈರನ್ನು ಮರಳಿ ಹಾಕುವುದನ್ನು ಮರೆಯಬೇಡಿ.

ಎಂಜಿನ್ ಒಮ್ಮೆ ಕೆಮ್ಮಿ ನಿಂತರೆ ಅದು ಪೂರ್ತಿ ನಿಶ್ಚಲವಾಗುವವರೆಗೆ ಕಾದು ಮತ್ತೆ ಸೆಲ್ಫ್ ಹೊಡೆಯಿರಿ. ಬೆಂಡಿಕ್ಸ್ ಪಿನಿಯನ್ ಇನ್ನೂ ತಿರುಗುತ್ತಿರುವ ರಿಂಗ್ ಗೇರಿಗೆ ಹೋಗಿ ಬಡಿದರೆ ಹಲ್ಲುಗಳು ಚೂರಾಗುತ್ತವೆ. ರಿಂಗ್ ಗೇರ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು. ಹ್ಯಾಂಡಲ್ ಹಾಕಿ ತಿರುಗಿಸುವ ಅಭ್ಯಾಸವಿರುವವರು, ಎಂಜಿನ್ನನ್ನು ಸುಮ್ಮನೆ ತಿರುಗಿಸಿ ನೋಡುವಾಗ ಕಟ್-ಆಫ್ ಸ್ವಿಚ್ಚನ್ನು ಆರಿಸಿಯೇ ಹ್ಯಾಂಡಲ್ ಮುಟ್ಟಬೇಕು.

ನೋಂದಣಿಯ ವಿಷಯ

2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮದಂತೆ, ವಿಂಟೇಜ್ ಎಂದು ನೋಂದಾಯಿಸಲು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ತನ್ನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಇಲ್ಲಿ ಹೇಳಿದ ಕೆಲಸ ಆ ಮೂರನ್ನೂ ಮುಟ್ಟುವುದಿಲ್ಲ. ಆದರೂ ತಪಾಸಣೆಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಡ್ಯಾಶ್‌ಬೋರ್ಡ್, ಅಲ್ಲಿ ಹೊಸ ಬಟನ್ ಇಲ್ಲದಿರುವುದೇ ಒಳ್ಳೆಯದು. ನಿಮ್ಮ ಕಾರಿನ ಗುಂಡಿಯನ್ನು ಹಿಂದೆ ಯಾರೋ ಬದಲಾಯಿಸಿದ್ದಾರೆ ಎಂಬ ಅನುಮಾನವಿದ್ದರೆ, ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಅಲ್ಲಿನ ಹಳೆಯ ಕಾರುಗಳ ಡ್ಯಾಶ್‌ಬೋರ್ಡುಗಳನ್ನು ನಿಧಾನವಾಗಿ ನೋಡಿ ಬನ್ನಿ.

ಹಂತ 9: ಆಮೇಲಿನ ಆರೈಕೆ

ಹೊಸ ಲಗ್‌ಗಳು ಮೊದಲ ಕೆಲವು ದಿನಗಳಲ್ಲಿ ಸ್ವಲ್ಪ ಕುಸಿಯುತ್ತವೆ. ಒಂದು ವಾರ ಓಡಿಸಿದ ಮೇಲೆ ಬ್ಯಾಟರಿ ಬಿಚ್ಚಿ, ಎಲ್ಲ ದಪ್ಪ ಮೊಳೆಗಳ ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಮುಂಗಾರಿಗೆ ಮೊದಲು ಹಂತ 1ರ ಮೂರು ಅಳತೆಗಳನ್ನು ಮಾಡಿ, ಕಳೆದ ಸಲದ ಅಂಕಿಗಳೊಂದಿಗೆ ಹೋಲಿಸಿ. ವೈರಿನ ದಾರಿಯ ನಕ್ಷೆಯೊಂದನ್ನು ಕೈಯಲ್ಲಿ ಬರೆದು, ಬಣ್ಣ ಮತ್ತು ಫ್ಯೂಸ್‌ನ ಜಾಗವನ್ನು ಗುರುತಿಸಿ, ನೋಂದಣಿ ಪುಸ್ತಕದ ಜೊತೆಗೆ ಇಡಿ.